ಕಾರು ನಿನ್ನದು, ಹೆಸರೂ ನಿನ್ನದೇ ಇರಲಿ

ಚಿ. ಪುಟ್ಟುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಂಗ್ಲೆಂಡಿನ ಈ ಮಿಲ್ಟನ್ ಕೀನ್ಸಿನಲ್ಲಿ ನಾನೂ ನಿಮ್ಮ ದೊಡ್ಡಪ್ಪನೂ ಕ್ಷೇಮ. ಭಾನುವಾರ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಒಂದೇ ಮಾತಿನಲ್ಲಿ ಆಗಲ್ಲ ಅಂದುಬಿಟ್ಟೆ. ನಿನ್ನ ದನಿ ಸಪ್ಪಗಾಗಿದ್ದು ಗೊತ್ತಾಯಿತು. ಯಾಕೆ ಬೇಡ ಅಂದೆ ಅಂತ ಹೇಳದೆ ಇದ್ದರೆ ನನಗೇ ಸಮಾಧಾನವಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನಿರುವ ಲೀಡ್ಸ್‌ನಲ್ಲಿ ಕೊಂಡ ಕಾರಿನ ಇನ್ಶೂರೆನ್ಸಿನಲ್ಲಿ ನನ್ನನ್ನು ಮೇನ್ ಡ್ರೈವರ್, ಅಂದರೆ ಕಾರನ್ನು ಹೆಚ್ಚಾಗಿ ಓಡಿಸುವವಳು ಅಂತ ತೋರಿಸಿ, ನೀನು ನೇಮ್ಡ್ ಡ್ರೈವರ್, ಅಂದರೆ ಜೊತೆಗೆ ಹೆಸರು ಸೇರಿಸಿದವನು ಆಗಿ ಸೇರಿಕೊಂಡರೆ ಪ್ರೀಮಿಯಂ ಎಷ್ಟೋ ಇಳಿಯುತ್ತದೆ, ಎಲ್ಲರೂ ಹಾಗೇ ಮಾಡುತ್ತಾರೆ ಅಂದೆ. ಇದಕ್ಕೆ ಇಲ್ಲಿ ಫ್ರಂಟಿಂಗ್ ಅನ್ನುತ್ತಾರೆ, ಇದು ಮೋಸದ ಲೆಕ್ಕಕ್ಕೆ ಬರುತ್ತದೆ. ಕಾರು ರಾತ್ರಿ ನಿಲ್ಲುವುದು ನಿನ್ನ ಮನೆ ಮುಂದೆ, ಬೆಳಗ್ಗೆ ಹೋಗುವುದು ನಿನ್ನ ಆಫೀಸಿಗೆ. ಕ್ಲೇಮ್ ಹಾಕಿದ ದಿನ ಕಂಪನಿಯವರು ಇದನ್ನೆಲ್ಲ ಕೇಳದೆ ಬಿಡುತ್ತಾರೆಯೇ? ಬೇಕೆಂದೇ ಸುಳ್ಳು ಹೇಳಿದ್ದು ಅಂತಾದರೆ 2012ರ ಗ್ರಾಹಕ ವಿಮಾ ಕಾಯ್ದೆಯ ಪ್ರಕಾರ ಪಾಲಿಸಿಯನ್ನೇ ರದ್ದು ಮಾಡಬಹುದು, ಕಟ್ಟಿದ ಹಣವನ್ನೂ ಉಳಿಸಿಕೊಳ್ಳಬಹುದು. ಎದುರಿನವರಿಗೆ ಪೆಟ್ಟಾಗಿದ್ದರೆ, ಅವರಿಗೆ ಕೊಟ್ಟ ಪರಿಹಾರವನ್ನು ನಮ್ಮಿಂದ ವಸೂಲು ಮಾಡಲು ಬರಬಹುದು. ನಾನೂರೋ ಐನೂರೋ ಪೌಂಡ್ ಉಳಿಸಲು ಹೋಗಿ ನೀನು ಹೊಸ ಕೆಲಸದಲ್ಲಿ ಈ ಭಾರ ಹೊರುವುದನ್ನು ನಾನು ನೋಡಲಾರೆ.

ನಿನ್ನ ತಪ್ಪಲ್ಲ, ಊರಲ್ಲಿ ಬೆಳೆದವರಿಗೆ ಇದು ಬೇಗ ತಲೆಗೆ ಹತ್ತುವುದಿಲ್ಲ. ದಾವಣಗೆರೆಯಲ್ಲಿ ನಿಮ್ಮಪ್ಪನ ಕಾರನ್ನು ಯಾರು ಓಡಿಸಿಲ್ಲ ಹೇಳು? ನಿಮ್ಮ ಮಾವ, ಪಕ್ಕದ ಮನೆ ಹುಡುಗ, ಮದುವೆ ದಿನ ಗೊತ್ತಿದ್ದವರೆಲ್ಲ. ಅಲ್ಲಿ ಇನ್ಶೂರೆನ್ಸ್ ಕಾರಿನ ಬೆನ್ನಿಗಿರುತ್ತದೆ: ಮಾಲೀಕ ಒಪ್ಪಿ ಕೀಲಿ ಕೊಟ್ಟರೆ, ಓಡಿಸುವವನ ಕೈಯಲ್ಲಿ ಸರಿಯಾದ ಲೈಸೆನ್ಸ್ ಇದ್ದರೆ ಸಾಮಾನ್ಯವಾಗಿ ಸಾಕು. ನಮ್ಮ ಮೋಟಾರು ವಾಹನ ಕಾಯ್ದೆಯೂ 1988ರದ್ದು, ಇಲ್ಲಿನ ರೋಡ್ ಟ್ರಾಫಿಕ್ ಆ್ಯಕ್ಟೂ 1988ರದ್ದು. ಎದುರಿನವರ ನಷ್ಟಕ್ಕೆ ಕೊಡುವ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಎರಡೂ ಕಡೆ ಕಡ್ಡಾಯ. ಆದರೆ ಇಲ್ಲಿ ಪಾಲಿಸಿ ನೋಡುವುದು ಸ್ಟಿಯರಿಂಗ್ ಹಿಡಿದವರ ಹೆಸರನ್ನು.

ಈ ಪಾಠ ನನಗೆ ಬಿದ್ದದ್ದು 2015ರಲ್ಲಿ. ನನ್ನ ಮೈದುನ ನಮ್ಮ ಮನೆಗೆ ಬಂದಿದ್ದರು. ಸಂಜೆ ಸಾಮಾನು ತರಲು ನನ್ನ ಕಾರಿನ ಕೀಲಿ ಕೊಟ್ಟೆ, ಪಕ್ಕದಲ್ಲಿ ನಾನೂ ಕೂತೆ. ‘ನನ್ನ ಕಾರಿಗೆ ಕಾಂಪ್ರಹೆನ್ಸಿವ್ ಇದೆ ಅತ್ತಿಗೆ, ಯಾರ ಕಾರನ್ನಾದರೂ ಓಡಿಸಬಹುದು’ ಅಂದರು (ಸ್ವಂತ ಕಾರಿನ ನಷ್ಟವೂ ಸೇರಿದ ಇನ್ಶೂರೆನ್ಸ್ ಅದು), ನಾನೂ ನಂಬಿದೆ. ಹಿಂದಿನ ಲೈಟು ಉರಿಯುತ್ತಿಲ್ಲವೆಂದು ಪೊಲೀಸರು ನಿಲ್ಲಿಸಿದರು, ಹೆಸರು ಕೇಳಿ ಪರಿಶೀಲಿಸಿದರು. ನನ್ನ ಪಾಲಿಸಿಯಲ್ಲಿ ನಾನೂ ನಿಮ್ಮ ದೊಡ್ಡಪ್ಪನೂ ಮಾತ್ರ. ಮೈದುನನ ಪಾಲಿಸಿಯಲ್ಲಿ ಬೇರೆ ಕಾರು ಓಡಿಸುವ ಅವಕಾಶವೇ ಇರಲಿಲ್ಲ. ಮಳೆಯಲ್ಲಿ ರಸ್ತೆ ಬದಿ ನಿಂತು, ಹಿಂದಿನ ಸೀಟಿನಲ್ಲಿ ಹತ್ತು ಕೆಜಿ ಅಕ್ಕಿ ಚೀಲವಿದ್ದ ಹಾಗೇ ನನ್ನ ಕಾರನ್ನು ಲಾರಿಯ ಮೇಲೆ ಏರಿಸುವುದನ್ನು ನೋಡಿದೆ. ಓಡಿಸಿದವರಿಗೆ ಶಿಕ್ಷೆ ಸರಿ, ಕೀಲಿ ಕೊಟ್ಟವಳೆಂದು ನನ್ನ ಲೈಸೆನ್ಸಿಗೂ ತಪ್ಪಿನ ಲೆಕ್ಕದ 6 ಪಾಯಿಂಟ್ ಬಿತ್ತು. ಕಾರು ಬಿಡಿಸಿಕೊಳ್ಳಲು ಎಳೆದೊಯ್ದ ಖರ್ಚು, ದಿನಬಾಡಿಗೆ ಬೇರೆ. ಐದು ವರ್ಷ ಪ್ರತಿ ರಿನ್ಯೂವಲ್‌ನಲ್ಲೂ ಅದನ್ನು ಹೇಳಿಕೊಳ್ಳಬೇಕಾಯಿತು.

ನಿನಗೆ ಅದು ಇನ್ನೂ ದೊಡ್ಡ ಏಟು. ಈ ಏಪ್ರಿಲ್‌ನಲ್ಲಿ ಟೆಸ್ಟ್ ಪಾಸಾಗಿದ್ದೀಯ. ಮೊದಲ ಎರಡು ವರ್ಷದಲ್ಲಿ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ಹೋಗುತ್ತದೆ, ಥಿಯರಿ ಪರೀಕ್ಷೆಯಿಂದ ಮತ್ತೆ ಶುರು. ಇನ್ಶೂರೆನ್ಸ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ 300 ಪೌಂಡ್ ದಂಡದ ಜೊತೆ ಬರುವುದು ಸರಿಯಾಗಿ ಆ 6 ಪಾಯಿಂಟೇ.

ಇನ್ನು ನಿನ್ನ ಪಾಲಿಸಿಗೆ ಬೇರೆಯವರ ಹೆಸರು ಸೇರಿಸಿದ ಮೇಲಿನ ಮಾತು. ಸೇರಿದವರಿಗೆ ಆ ಕಾರಿನ ಮಟ್ಟಿಗೆ ಸಾಮಾನ್ಯವಾಗಿ ನಿನಗಿರುವ ಕವರೇ ಸಿಗುತ್ತದೆ. ಆದರೆ ಹೊಸ ಡ್ರೈವರ್ ಗುದ್ದಿದರೆ ಕೈಯಿಂದ ಕಟ್ಟುವ ಎಕ್ಸೆಸ್ ಹೆಚ್ಚಿರಬಹುದು. ಅವರ ತಪ್ಪಿಗೆ ಕರಗುವುದು ಪಾಲಿಸಿ ಯಾರದ್ದೋ ಅವರ ನೋ ಕ್ಲೇಮ್ ಡಿಸ್ಕೌಂಟ್, ಅಂದರೆ ಕ್ಲೇಮ್ ಇಲ್ಲದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಬೇರೆ ಕಾರು ಓಡಿಸುವ ಅವಕಾಶ ನಿನ್ನ ಪಾಲಿಸಿಯಲ್ಲಿ ಇದ್ದರೂ ಅದು ನೇಮ್ಡ್ ಡ್ರೈವರ್‌ಗೆ ಬರುವುದಿಲ್ಲ. ಬೇರೆ ಕಾರಿನಲ್ಲಿ ನಿನಗೂ ಥರ್ಡ್ ಪಾರ್ಟಿ ಮಾತ್ರ, ಗೆಳೆಯನ ಕಾರು ಜಜ್ಜಿದರೆ ಆ ರಿಪೇರಿ ನಿನ್ನ ಜೇಬಿಂದಲೇ. ಬಳಕೆಯ ಕಾಲಂ ಕೂಡ ನೋಡು. ಬರೀ ಸೋಷಿಯಲ್, ಅಂದರೆ ಸ್ವಂತ ಓಡಾಟಕ್ಕೆ ಅಂತ ಹಾಕಿಸಿ ದಿನಾ ಆಫೀಸಿಗೆ ಹೋದರೆ ಕವರ್ ಇಲ್ಲದ ಹಾಗೇ. ಕೆಲಸಕ್ಕೆ ಹೋಗಿಬರುವ ಕಮ್ಯೂಟಿಂಗ್ ಇರಬೇಕು, ಸೇರಿಸಿದವರಿಗೂ ಇದೆಯಾ ಅಂತ ಕೇಳಬೇಕು.

ಒಂದು ವಿಷಯ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನನ್ನ ಹೆಸರಿನ ಕೆಳಗೆ ಮೂರು ವರ್ಷ ಓಡಿಸಿದರೂ ನಿನ್ನ ಹೆಸರಿಗೆ ನೋ ಕ್ಲೇಮ್ ಸೇರುವುದಿಲ್ಲ. ಕೆಲವು ಕಂಪನಿಗಳು ಅಷ್ಟೋ ಇಷ್ಟೋ ಲೆಕ್ಕಕ್ಕೆ ಹಿಡಿಯುತ್ತವೆ, ಅದನ್ನು ನೆಚ್ಚಿಕೊಳ್ಳಬೇಡ. ಈ ವರ್ಷ ಕಷ್ಟವಾದರೂ ನೀನೇ ಕಟ್ಟು. ಕ್ಲೇಮ್ ಇಲ್ಲದ ಒಂದೊಂದು ವರ್ಷವೂ ನಿನ್ನ ಗಳಿಕೆ.

ಡಿಸೆಂಬರಿನಲ್ಲಿ ನಿನ್ನ ಹೆಂಡತಿ ಬರುತ್ತಾಳಲ್ಲ. ನೆಲೆಸಲು ಬಂದ ದಿನದಿಂದ 12 ತಿಂಗಳು ಊರಿನ ಲೈಸೆನ್ಸಿನಲ್ಲಿ ಓಡಿಸಬಹುದು, ಆಮೇಲೆ ಇಲ್ಲಿನ ಟೆಸ್ಟ್ ಬೇಕೇ ಬೇಕು. ಆದರೆ ಅವಳ ಹೆಸರು ಸೇರಿಸುವವರೆಗೆ, ಅದು ಪಾರ್ಕಿಂಗ್‌ನಿಂದ ರಸ್ತೆಗೆ ತಿರುಗಿಸುವಷ್ಟೇ ಆದರೂ, ಕೀಲಿ ಕೊಡಬೇಡ. ಸೇರಿಸುವಾಗ ಇಂಡಿಯನ್ ಲೈಸೆನ್ಸ್ ಅಂತಲೇ ಹೇಳು. ಹೊಸ ಸರ್ಟಿಫಿಕೇಟ್ ಬಂದಾಗ ಯಾರು ಓಡಿಸಬಹುದು ಅನ್ನುವ ಸಾಲನ್ನು ಇಬ್ಬರೂ ಓದಿ. ನಮ್ಮ ಮನೆಯಲ್ಲಿ ಆ ಹಾಳೆ ಈಗಲೂ ಫ್ರಿಜ್ಜಿನ ಬಾಗಿಲಿಗೆ ಅಂಟಿದೆ.

ನಾನು ಮಾಡಬಹುದಾದ್ದು ಒಂದಿದೆ. ನೀನು ಮೇನ್ ಡ್ರೈವರ್ ಆಗು, ನನ್ನನ್ನು ನೇಮ್ಡ್ ಡ್ರೈವರ್ ಆಗಿ ಸೇರಿಸಿ ಕೊಟೇಷನ್ ತೆಗೆಸು. ಹಳೇ ಡ್ರೈವರ್ ಸೇರಿದರೆ ಒಮ್ಮೊಮ್ಮೆ ಪ್ರೀಮಿಯಂ ಇಳಿಯುತ್ತದೆ, ಇದರಲ್ಲಿ ಸುಳ್ಳೇನೂ ಇಲ್ಲ. ತಿಂಗಳಿಗೊಮ್ಮೆ ಹೇಗೂ ರೈಲಿನಲ್ಲಿ ನಿನ್ನ ಹತ್ತಿರ ಬರುತ್ತೇನೆ. ದೀಪಾವಳಿಗೆ ಬಂದಾಗ ಯಾರ್ಕಿನವರೆಗೆ ನಾನೇ ಓಡಿಸುತ್ತೇನೆ, ನೀನು ಪಕ್ಕದಲ್ಲಿ ಕೂತು ರೌಂಡಬೌಟುಗಳನ್ನು ನೋಡಿಕೋ. ಲೈಸೆನ್ಸಿನ ವಿವರ ಇವತ್ತೇ ಕಳಿಸುತ್ತೇನೆ. ಹಣ ಕಡಿಮೆ ಬಿದ್ದರೆ ಸಂಕೋಚಪಡದೆ ಕೇಳು ಪುಟ್ಟೂ.

ನಿನ್ನ ದೊಡ್ಡಮ್ಮ