ವನಮಹೋತ್ಸವದಲ್ಲಿ ಹಿಪ್ಪುನೇರಳೆಗೂ ಜಾಗವಿರಲಿ

ಮಾನ್ಯರೇ,

ಮಳೆಗಾಲದ ಆರಂಭದಲ್ಲಿ ಉಡುಪಿ ಹಾಗೂ ದಕ್ಷಿಣ ಕನ್ನಡ ಜಿಲ್ಲೆಗಳ ಶಾಲೆ, ಪಂಚಾಯತ್‌ಗಳಲ್ಲಿ ನಡೆಯುವ ವನಮಹೋತ್ಸವಗಳಲ್ಲಿ ರೇಷ್ಮೆಹುಳುವಿನ ಮೇವಾದ ಹಿಪ್ಪುನೇರಳೆ ಗಿಡ ಕಾಣಸಿಗುವುದು ಅಪರೂಪ. ರೇಷ್ಮೆ ಎಂದರೆ ರಾಮನಗರ, ಶಿಡ್ಲಘಟ್ಟ. ಆ ಗಿಡ ಕರಾವಳಿಗೆ ಏಕೆ ಎಂಬ ಭಾವನೆ ಇದಕ್ಕೆ ಕಾರಣವಿರಬೇಕು.

ಆದರೆ ಬಯಲುಸೀಮೆಯಲ್ಲಿ ಹುಳುವಿನ ಮೇವಿಗಾಗಿ ಪದೇ ಪದೇ ಸವರಿ ಪೊದೆಯಂತೆ ಇರಿಸುವ ಈ ಗಿಡ, ಅದರ ಪಾಡಿಗೆ ಬಿಟ್ಟರೆ ನೆರಳು ಕೊಡುವ ಮರವಾಗಿ ಬೆಳೆಯುತ್ತದೆ. ಒಣತೂಕದಲ್ಲಿ ಸುಮಾರು ಶೇ 15ರಿಂದ 25ರಷ್ಟು ಪ್ರೋಟೀನ್ ಇರುವ ಇದರ ಎಲೆಯನ್ನು ದನ, ಆಡುಗಳು ಇಷ್ಟಪಟ್ಟು ತಿನ್ನುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಹಸಿಮೇವು ಸಿಗದೆ ಬೈಹುಲ್ಲು ಮತ್ತು ಹಿಂಡಿಯನ್ನೇ ನಂಬಿರುವ ನಮ್ಮ ಹೈನುಗಾರರಿಗೆ ಹಿತ್ತಿಲಲ್ಲಿ ನಾಲ್ಕು ಮರಗಳಿದ್ದರೂ ಸ್ವಲ್ಪ ಆಸರೆಯಾದೀತು. ಹಣ್ಣು ಮಕ್ಕಳಿಗೂ ಪಿಕಳಾರಗಳಿಗೂ ಪ್ರಿಯ (ಸಮವಸ್ತ್ರಕ್ಕೆ ಕಲೆ ಅಂಟುವುದಂತೂ ಖಚಿತ). ಬಲಿತ ಮರದ ಗಟ್ಟಿ, ಬಾಗುವ ಕಟ್ಟಿಗೆಯಿಂದ ಉತ್ತರ ಭಾರತದಲ್ಲಿ ಹಾಕಿ ಸ್ಟಿಕ್ ತಯಾರಿಸುತ್ತಾರೆ.

ಇದನ್ನು ಬೆಳೆಸಲು ದೊಡ್ಡ ಖರ್ಚೂ ಇಲ್ಲ. ಮೂರು ನಾಲ್ಕು ಮೊಗ್ಗುಗಳಿರುವ, ಪೆನ್ಸಿಲ್ ಗಾತ್ರದ ಬಲಿತ ಕಡ್ಡಿಯನ್ನು ನೆಟ್ಟರೆ ಚಿಗುರುತ್ತದೆ. ನೀರು ನಿಲ್ಲುವ ಗದ್ದೆಬದಿ ಮಾತ್ರ ಇದಕ್ಕೆ ಆಗದು.

ಆದ್ದರಿಂದ ಅರಣ್ಯ ಇಲಾಖೆಯು ರೇಷ್ಮೆ ಇಲಾಖೆಯಿಂದ ಕಡ್ಡಿಗಳನ್ನು ಪಡೆದು, ತನ್ನ ನರ್ಸರಿಗಳಲ್ಲಿ ಸಸಿ ಬೆಳೆಸಿ, ಮುಂದಿನ ಜೂನ್‌ನಲ್ಲಿ ಶಾಲೆಗಳಿಗೂ ಹಾಲು ಉತ್ಪಾದಕರ ಸಂಘಗಳಿಗೂ ವಿತರಿಸಲಿ.

– ಓರ್ವ ಓದುಗ, ಉಡುಪಿ