ಓಮದ ಕಷಾಯ ಕಾಯಿಸಿದ ರಾತ್ರಿ

ಪುಟ್ಟಿ,

"ಒಂದೂವರೆ ಗಂಟೆ ಏನ್ಮಾಡ್ತಿದ್ದೆ ಅಮ್ಮ?" ಅಂತ ಕೇಳಿ ಫೋನ್ ಇಟ್ಟುಬಿಟ್ಟೆ. ನಿಮ್ಮಪ್ಪನಿಗೆ ಹೃದಯಾಘಾತ ಆದ ರಾತ್ರಿ ಆಸ್ಪತ್ರೆಗೆ ಹೊರಡೋಕೆ ಎಷ್ಟು ತಡ ಮಾಡಿದೆ ಅನ್ನೋದಕ್ಕೆ ನಿನಗೆ ನಾನು ಅರ್ಧ ಗಂಟೆ ಅಂದಿದ್ದೆ. ನಿಜ ಚಿಕ್ಕಮ್ಮನಿಂದ ತಿಳೀಬೇಕಾಯ್ತು. ಅದು ನನ್ನ ತಪ್ಪು.

ಓಮದ ಕಷಾಯ ಕಾಯಿಸ್ತಿದ್ದೆ. ರಾತ್ರಿ ಎರಡು ಗಂಟೆಗೆ ನಿಮ್ಮಪ್ಪ ಎದ್ದು ಕೂತು, "ಗ್ಯಾಸು ಕಣೇ" ಅಂತ ಎದೆ ಉಜ್ಜಿಕೊಂಡರು. ಅವರೆಕಾಳು ಹುಳಿ ಉಂಡಿದ್ದರಲ್ಲ, ನಂಬಿದೆ. ಕಷಾಯ ಕುಡಿದು ತೇಗಿದರು, ಇಬ್ಬರಿಗೂ ಸಮಾಧಾನ. ಆದರೆ ಪುಷ್ಯದ ಚಳಿಯಲ್ಲಿ ಬನಿಯನ್ ಹಿಂಡಿದರೆ ನೀರು ಬೀಳೋ ಅಷ್ಟು ಬೆವರು. ಅದನ್ನು ಬಿಚ್ಚಿ ಒಣಗಿದ್ದು ಹಾಕಿದೆ. ಆ ಒದ್ದೆ ಬನಿಯನ್ ಕೈಯಲ್ಲಿದ್ದಾಗಲಾದರೂ ಹೊಳೀಬೇಕಿತ್ತು. 28 ವರ್ಷ ಬೋರ್ಡಿನ ಮೇಲೆ ಹೃದಯದ ನಾಲ್ಕು ಕೋಣೆ ಬರೆದವಳು ನಾನು. ತನ್ನೊಳಗೆ ತುಂಬೋ ರಕ್ತದಿಂದ ಅದಕ್ಕೆ ಹೊಟ್ಟೆ ತುಂಬೋದಿಲ್ಲ, ಮಹಾಪಧಮನಿಯ ಬುಡದಲ್ಲಿ ಹುಟ್ಟೋ ಎರಡು ಸಣ್ಣ ನಾಳಗಳೇ ಗತಿ ಅನ್ನೋದನ್ನ ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗ್ತಿದ್ದೆ.

ಎಡಗಡೆಯ ನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಸೇರಿದ ಕೊಬ್ಬು ಅವತ್ತು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿತ್ತು. ಮುಚ್ಚಿದ ಅರ್ಧ ಗಂಟೆಗೆಲ್ಲ ಸ್ನಾಯು ಸಾಯೋಕೆ ಶುರುವಾಗುತ್ತಂತೆ. ಹಳೇ ಸಕ್ಕರೆ ಕಾಯಿಲೆ ನರಗಳನ್ನ ಮಂಕು ಮಾಡಿದ್ದಕ್ಕೆ ನೋವೂ ಜೋರಾಗಿ ಕಾಣಲಿಲ್ಲ ಅಂದರು ಡಾಕ್ಟರು.

ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ನೋಡಿ, ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟರು. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ, ದುಡ್ಡು ಕೇಳಲಿಲ್ಲ. ಆ ಹುಡುಗ ಹೋದಾಗ 46 ವರ್ಷ ಅಷ್ಟೇ. ಮಾರನೇ ದಿನ ನಾಳ ಮುಚ್ಚದ ಹಾಗೆ ಒಳಗೆ ಸ್ಟೆಂಟ್ ಅನ್ನೋ ಸಣ್ಣ ಜಾಲರಿ ಕೊಳವೆ ಹಾಕಿದ್ದು, ನೀನು ಬಂದು ಡಾಕ್ಟರ ಹತ್ರ ಒಂದೊಂದೂ ಕೇಳಿ ಬರೆದುಕೊಂಡಿದ್ದು ಗೊತ್ತೇ ಇದೆ. ಆವಾಗ ನಿನ್ನ ನೋಡಿ ಎಷ್ಟು ಹೆಮ್ಮೆಯಾಯ್ತು ಅಂತ ಹೇಳಲೇ ಇಲ್ಲ.

ಮಾತ್ರೆ ನಾನೇ ಕೊಡ್ತೀನಿ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಒಂದು ದಿನವೂ ತಪ್ಪಿಸಿಲ್ಲ, ತಪ್ಪಿದರೆ ಸ್ಟೆಂಟಲ್ಲೇ ಹೆಪ್ಪುಗಟ್ಟಬಹುದು. ಮೆಟೊಪ್ರೊಲಾಲ್ ಬಡಿತ ನಿಧಾನ ಮಾಡುತ್ತೆ. ಹೃದಯಕ್ಕೆ ಹೆಚ್ಚು ರಕ್ತ ಸಿಗೋದು ಅದು ಸಡಿಲವಾದಾಗ, ಎರಡು ಬಡಿತದ ನಡುವೆ. ದಿನಾ ಬೆಳಿಗ್ಗೆ ಅವರ ಮಣಿಕಟ್ಟು ಹಿಡಿದು ಒಂದು ನಿಮಿಷ ಎಣಿಸ್ತೀನಿ. ಇವತ್ತು 64.

ಬುದ್ಧಿ ಹೇಳಬಾರದು ಅಂತಲೇ ಬರೆಯೋಕೆ ಕೂತೆ. ಆದರೂ ಕೇಳು, ನಿನಗೂ 34 ಆಯ್ತು. ಕೊಲೆಸ್ಟ್ರಾಲ್, ಸಕ್ಕರೆ, ಬಿಪಿ ನೋಡಿಸು. ಹೆಂಗಸರಿಗೆ ಹೃದಯಾಘಾತ ದವಡೆ ನೋವು, ಬೆನ್ನು ನೋವು, ವಿಪರೀತ ಸುಸ್ತಾಗಿಯೂ ಬರುತ್ತೆ. ರಾತ್ರಿ ಹನ್ನೊಂದಕ್ಕೆ ಊಟ ಮಾಡೋದು ಬಿಡು. ಈ ವಾರವೇ ಹೋಗು, ಮುಂದಿನ ವಾರ ಅನ್ನಬೇಡ.

ಈಗ ನಿಮ್ಮಪ್ಪನ ಹೃದಯದ ಪಂಪಿಂಗ್, ಅಂದ್ರೆ ಎಡ ಕೆಳಗಿನ ಕೋಣೆ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಹೊರಗೆ ತಳ್ಳೋ ಪಾಲು, ನೂರಕ್ಕೆ 45 ಇದೆ. ಮುಂದಿನ ತಿಂಗಳು ಮತ್ತೆ ಎಕೋ, ಅದೇ ಹೃದಯದ ಸ್ಕ್ಯಾನ್, ಮಾಡ್ತಾರೆ. ಆ ಒಂದೂವರೆ ಗಂಟೆ ಎಷ್ಟು ತಿಂದಿದೆ ಅಂತ ಅವತ್ತು ಗೊತ್ತಾಗುತ್ತೆ. ರಿಪೋರ್ಟ್ ಕೈಗೆ ಬಂದ ಕೂಡಲೇ ಫೋನ್ ಮಾಡ್ತೀನಿ. ಎತ್ತು.

ಅಮ್ಮ