ಅಮ್ಮನ ಕಾರ್ಯ ಮುಗೀತು, ಜೊತೆಗಿದ್ದ ಎಲ್ರಿಗೂ ಥ್ಯಾಂಕ್ಸ್

ಎಲ್ರಿಗೂ ನಮಸ್ಕಾರ. ಅಮ್ಮನ ವೈಕುಂಠ ಸಮಾರಾಧನೆ ಮುಗೀತು, ನೆಂಟರೆಲ್ಲ ಊರಿಗೆ ಹೊರಟ್ರು, ಒಬ್ಬೊಬ್ಬರಿಗೇ ಉತ್ತರ ಬರೀತಾ ಕೂತ್ರೆ ಮುಗಿಯೋ ಹಾಗಿಲ್ಲ ಅಂತ ಇಲ್ಲೇ ಬರೀತಿದೀನಿ. ಫೋನ್ ಮಾಡಿದೋರು, ಮೆಸೇಜ್ ಹಾಕಿದೋರು, ರಾತ್ರೋರಾತ್ರಿ ಬಸ್ ಹತ್ತಿ ಬಂದೋರು, ನಿಮ್ಮ ಋಣ ದೊಡ್ಡದು.

ಅಮ್ಮ ಬಹಳ ಕಾಲದಿಂದ ಹಾಸಿಗೆ ಹಿಡಿದಿದ್ರಲ್ಲ, ಅದಕ್ಕೇ ತುಂಬಾ ಜನ "ಬಿಡುಗಡೆ ಆಯ್ತು ಬಿಡಿ, ಇನ್ನು ನರಳೋದಿಲ್ಲ" ಅಂದ್ರಿ. ನಿಜಾನೇ. ಆದ್ರೂ ಇಷ್ಟು ಸಂಕಟ ಯಾಕೆ ಅಂತ ತಿಳೀತಿರಲಿಲ್ಲ, ಆಗ ಗಾಂಧೀಜಿ ಬರೆದ ಒಂದು ಕಾಗದ ನೆನಪಾಯ್ತು. 1944ರ ಫೆಬ್ರವರಿ 22ಕ್ಕೆ ಪುಣೆಯ ಆಗಾಖಾನ್ ಅರಮನೆಯಲ್ಲಿ, ಸೆರೆಯಲ್ಲಿದ್ದಾಗಲೇ ಕಸ್ತೂರ್‌ಬಾ ತೀರ್ಕೊಂಡ್ರು. ವೈಸ್‌ರಾಯ್ ವೇವೆಲ್ ಸಂತಾಪ ಹೇಳಿ ಕಳಿಸಿದ್ರು. ತಮ್ಮನ್ನ ಬಂಧಿಸಿಟ್ಟ ಸರ್ಕಾರದ ಮುಖ್ಯಸ್ಥನಿಗೇ ಗಾಂಧೀಜಿ ಥ್ಯಾಂಕ್ಸ್ ಬರೀತಾರೆ, ಅದರಲ್ಲೇ ಹೇಳ್ತಾರೆ, ಆಕೆಯ ನರಳಾಟ ಮುಗೀತಲ್ಲ ಅಂತ ಆಕೆಗೋಸ್ಕರ ಸಾವನ್ನ ಒಪ್ಕೊಂಡೆ, ಆದ್ರೆ ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ನೋವಾಗ್ತಿದೆ ಅಂತ. ಅದನ್ನ ಓದಿದ್ಮೇಲೆ ನನಗೆ ಸ್ವಲ್ಪ ಉಸಿರು ಬಂತು.

ಇನ್ನೂ ಹಳೇದು ಒಂದಿದೆ. ಕ್ರಿ.ಪೂ. 45ರಲ್ಲಿ ರೋಮ್‌ನ ಹೆಸರಾಂತ ವಾಗ್ಮಿ, ರಾಜಕಾರಣಿ ಸಿಸೆರೊ ತನ್ನ ಮಗಳು ತುಲ್ಲಿಯಾನ ಕಳ್ಕೊಂಡ, ಹೆರಿಗೆ ಆಗಿ ಕೆಲವೇ ವಾರಕ್ಕೆ ಹೋಗ್ಬಿಟ್ಲು. ಅವನು ಆಸ್ತುರಾ ಅನ್ನೋ ಕಡಲ ತೀರದ ಜಾಗಕ್ಕೆ ಹೋಗಿ, ಬೆಳಿಗ್ಗೆ ಕಾಡು ಹೊಕ್ರೆ ಸಂಜೆ ತನಕ ಈಚೆಗೇ ಬರ್ತಿರಲಿಲ್ಲ, ಜನ ಆಗ್ಲೂ ಇದು ಅತಿಯಾಯ್ತು ಅಂತ ಆಡ್ಕೊಂಡ್ರಂತೆ. ಅಥೆನ್ಸ್‌ನಿಂದ ಗೆಳೆಯ ಸರ್ವಿಯಸ್ ಸುಲ್ಪೀಸಿಯಸ್ ಪತ್ರ ಬರೆದ. ಹಡಗಲ್ಲಿ ಬರ್ತಾ ಇದ್ದೆ, ಹಿಂದೆ ಈಜಿನಾ, ಮುಂದೆ ಮೆಗಾರಾ, ಬಲಕ್ಕೆ ಪಿರೇಯಸ್, ಎಡಕ್ಕೆ ಕೊರಿಂಥ್, ಹಿಂದೆ ಮೆರೆದ ಈ ಗ್ರೀಕ್ ಊರುಗಳೆಲ್ಲ ಹಾಳು ಬಿದ್ದಿವೆ, ಅಂಥದ್ರಲ್ಲಿ ಒಂದು ಹೆಣ್ಣುಜೀವ ಹೋಯ್ತು ಅಂತ ಇಷ್ಟು ದುಃಖವೇ ಅಂತ! ಈಗಿನ ಕಾಲದಲ್ಲಿ ಯಾರಾದ್ರೂ ಹೀಗಂದ್ರೆ ನಾನಂತೂ ಮಾತು ಬಿಡ್ತಿದ್ದೆ. ಸಿಸೆರೊ ಉತ್ತರ ನೋಡಿ ಆದ್ರೆ. ನಿನ್ನ ಪತ್ರದಿಂದ ಸಮಾಧಾನ ಆಯ್ತು, ಅದರಲ್ಲಿ ನಿನ್ನ ದುಃಖಾನೂ ಕಾಣ್ತು, ನೀನೇ ಇಲ್ಲಿರಬೇಕಿತ್ತು ಅಂತಾನೆ, ಸರ್ವಿಯಸ್‌ನ ಮಗ ರೋಮ್‌ನಲ್ಲಿ ತನ್ನನ್ನ ಎಷ್ಟು ಚೆನ್ನಾಗಿ ನೋಡ್ಕೊಂಡ ಅನ್ನೋದನ್ನೂ ಮರೀದೆ ಬರೀತಾನೆ.

ಹಾಗೇ ನಾನೂ ಮರೀಬಾರದು. ದೊಡ್ಡಪ್ಪ, ಮಂಡಿ ನೋವು ಅಂತ ನಿಮಗೆ ಬರಕ್ಕಾಗಲಿಲ್ಲ, ಆದ್ರೆ ನಿಮ್ಮ ಮಗ ಚಿತಾಗಾರದಿಂದ ಹಿಡಿದು ಡೆತ್ ಸರ್ಟಿಫಿಕೇಟ್ ತನಕ ಎಲ್ಲ ತಾನೇ ಓಡಾಡಿದ, ನಮ್ಮನ್ನ ಒಂದು ಕೌಂಟರ್ ಮುಂದೂ ನಿಲ್ಲಕ್ಕೆ ಬಿಡ್ಲಿಲ್ಲ. ಪಕ್ಕದ್ಮನೆ ಆಂಟಿ, ಸೂತಕದ ಮನೇಲಿ ಒಲೆ ಹಚ್ಚಲ್ಲ ಅಂತ ದಿನಾ ಅನ್ನ ತಿಳಿಸಾರು ತಂದು, ಅಪ್ಪ ಎರಡು ತುತ್ತು ತಿನ್ನೋವರೆಗೂ ಕದಲ್ತಿರಲಿಲ್ಲ. ಅಮ್ಮನ್ನ ನೋಡ್ಕೊಳ್ತಿದ್ದ ನರ್ಸಮ್ಮ ಡ್ಯೂಟಿ ಮುಗಿಸಿ ಬಂದು, ಅಮ್ಮನ ಸೀರೆ ಮಡಚ್ತಾ ನಮಗಿಂತ ಜಾಸ್ತಿ ಅತ್ರು. ಫೋನಲ್ಲಿ "ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ ಕಣೋ" ಅಂದು ಸುಮ್ನೆ ಲೈನಲ್ಲೇ ಇದ್ದ ಗೆಳೆಯರಿಗೂ ಥ್ಯಾಂಕ್ಸ್, ಬರೀ "ಓಂ ಶಾಂತಿ" ಅಂತ ಕಳಿಸಿದೋರಿಗೂ ಅಷ್ಟೇ, ಒಂದನ್ನೂ ಬಿಡದೆ ಅಪ್ಪಂಗೆ ಓದಿ ಹೇಳಿದೀನಿ.

ಒಂದು ಕೇಳ್ಕೋತೀನಿ. ಅಪ್ಪ ಸಂಜೆ ಹೊತ್ತು ಒಬ್ರೇ ಇರ್ತಾರೆ. ಅವರ ಮುಂದೆ ಅಮ್ಮನ ಸುದ್ದಿ ಎತ್ತಬಾರದು ಅಂತೇನೂ ಇಲ್ಲ, ಅವರಿಗೇ ಮಾತಾಡ್ಬೇಕು ಅನ್ಸತ್ತೆ. ಈ ಕಡೆ ಬಂದಾಗ ಬನ್ನಿ, ಕಾಫಿ ಕುಡ್ಕೊಂಡು ಹೋಗಿ.